ಸುಣ್ಣಕ್ಕೆ ಕಿವಿಗೊಟ್ಟವರು

ಕಲ್ಲಕೋಡಿಯ ದೋಣಿಕಟ್ಟೆಯಲ್ಲಿ ಒಂದು ಕರಿಹಲಗೆ ಇತ್ತು. ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಮಂಗಲಾ ಅಲ್ಲಿಗೆ ಬಂದು, ಹಿಂದಿನ ದಿನದ ಅಂಕೆಯನ್ನು ಒರೆಸಿ ಹೊಸದನ್ನು ಬರೆಯುತ್ತಿದ್ದಳು. ಹೊಳೆಗೆ ಇಳಿಯುವ ಹೆಂಗಸರು ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಆ ಅಂಕೆಗಾಗಿ ಕಾಯುತ್ತಿದ್ದರು. ಶಾಲೆಯ ಮಕ್ಕಳು ಅದನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಹಾಜರಿ ಕರೆಯುವ ಮೊದಲು ಮಾಸ್ತರರು ಕೇಳುತ್ತಿದ್ದುದು ಅದನ್ನೇ. ಹೊಳೆ ಇವತ್ತು ಎಷ್ಟು ಹುಳಿಯಾಗಿದೆ ಎಂದು ಹೇಳುವ ಅಂಕೆ ಅದು.

ಮಂಗಲಾಳ ಅಜ್ಜಿಯ ಕಾಲದಲ್ಲಿ ಹೊಳೆ ಎಂಟರ ಮೇಲಿತ್ತು. ಆಗ ಅದನ್ನು ಅಳೆಯುವ ಗೋಜು ಯಾರಿಗೂ ಇರಲಿಲ್ಲ. ಲೋಕದ ಹೊಗೆಯೆಲ್ಲ ಆಕಾಶಕ್ಕೆ ಏರಿ, ಆಕಾಶದಿಂದ ಸಮುದ್ರದಲ್ಲಿ ಇಂಗಿ, ಸಮುದ್ರವು ಭರತದ ನೀರಿನೊಂದಿಗೆ ಹೊಳೆಯ ಬಾಯಿಗೆ ನುಗ್ಗಿ, ಎಂಟು ಇದ್ದದ್ದು ಏಳೂವರೆಗೆ ಬಂದು ನಿಂತಿತು. ಅರ್ಧ ಅಂಕೆ ಎಂದರೆ ಕೇಳಿದವರಿಗೆ ಏನೂ ಅನ್ನಿಸುವುದಿಲ್ಲ. ಆದರೆ ಆ ಅಳತೆಯಲ್ಲಿ ಒಂದು ಅಂಕೆ ಇಳಿದರೆ ಹುಳಿ ಹತ್ತು ಪಟ್ಟಾಗುತ್ತದೆ. ಅರ್ಧ ಇಳಿದರೆ ಮೂರು ಪಟ್ಟು. ಕೆಸರಿನಲ್ಲಿ ಬೆಳೆಯುವ ಬಳಚು ಎಂಬ ಚಿಪ್ಪುಮೀನಿನ ಮರಿಗೆ ಅಂಥ ನೀರಿನಲ್ಲಿ ಚಿಪ್ಪು ಕಟ್ಟಿಕೊಳ್ಳಲು ಆಗಲಿಲ್ಲ. ಕಟ್ಟಿಕೊಂಡದ್ದು ಹಪ್ಪಳದ ಹಾಗೆ ಬೆರಳಲ್ಲೇ ಮುರಿಯುತ್ತಿತ್ತು. ಬಳಚು ಹೋದಮೇಲೆ, ಅದರ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ ದಂಡೆಯ ಗೂಡುಗಳು ಒಂದೊಂದಾಗಿ ಆರಿದವು. ಎಲ್ಲಕ್ಕಿಂತ ಕೊನೆಗೆ, ಒಂಬತ್ತು ವರ್ಷದ ಹಿಂದೆ, ಆರಿದ್ದು ಮಂಗಲಾಳ ಅಪ್ಪ ಜಟ್ಟಪ್ಪನ ಗೂಡು.

ಆಮೇಲೆ ಬಂದದ್ದು ನೀರುಮಿಲ್ಲು. ಸರಕಾರಿ ಕಾಗದದಲ್ಲಿ ಅದಕ್ಕೆ ಎರಡು ಸಾಲಿನ ಹೆಸರಿತ್ತು. ಊರಿನ ಬಾಯಿಗೆ ಅದು ಹಿಡಿಸಲಿಲ್ಲ. ಸಮುದ್ರದ ನೀರನ್ನು ಸಾವಿರಾರು ತೆಳು ಪೊರೆಗಳ ನಡುವೆ ಹಾಯಿಸಿ, ವಿದ್ಯುತ್ತು ಕೊಟ್ಟು, ಉಪ್ಪನ್ನು ಎರಡಾಗಿ ಬಿಡಿಸುವ ಯಂತ್ರ. ಒಂದು ಕೊಳವೆಯಲ್ಲಿ ಆಮ್ಲ ಬರುತ್ತಿತ್ತು, ಇನ್ನೊಂದರಲ್ಲಿ ಕ್ಷಾರ, ಊರಿನವರ ಬಾಯಲ್ಲಿ ಸೋಡಾ. ಕ್ಷಾರವನ್ನು ಅಳೆದು ಅಳೆದು ಹೊಳೆಬಾಯಿಗೆ ಬಿಟ್ಟರೆ ನೀರಿನ ಹುಳಿ ಸಾಯುತ್ತಿತ್ತು. ಆಮ್ಲವನ್ನು ಟ್ಯಾಂಕರಿನಲ್ಲಿ ಘಟ್ಟದ ಬುಡದ ಹಳೆಯ ಕರಿಕಲ್ಲು ಕ್ವಾರಿಗೆ ಒಯ್ಯುತ್ತಿದ್ದರು. ಅಲ್ಲಿ ಅದು ಕಲ್ಲನ್ನು ತಿಂದು ತಿಂದು ತನ್ನ ಉರಿ ಕಳೆದುಕೊಳ್ಳುತ್ತಿತ್ತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಮಂಗಲಾ ಆ ಮಿಲ್ಲಿನ ಕಂಟ್ರೋಲ್ ರೂಮಿನಲ್ಲಿ ಕೆಮಿಸ್ಟ್.

ಆ ದಿನ ಅವಳು ಹಲಗೆಯ ಮೇಲೆ ೭.೯ ಎಂದು ಬರೆದಳು.

"ಏಳೂ ಒಂಬತ್ತು," ಎಂದು ಓದಿದಳು ಗಣಪಿ. ಬಳಚು ತೆಗೆಯುವ ಹೆಂಗಸರಲ್ಲಿ ಅವಳೇ ಹಿರಿಯಳು. "ಇನ್ನೊಂದು ಚೂರು ಮೇಲೆ ಹಾಕೇ ಮಾರಾಯ್ತಿ. ಸೀಮೆಸುಣ್ಣ ನಿನ್ನ ಕೈಯಲ್ಲೇ ಅದೆ. ಎಂಟು ಬರೆದ್ರೆ ಯಾರು ಕೇಳ್ತಾರೆ?"

"ಬಳಚು ಕೇಳ್ತದೆ."

"ಅದು ಕೇಳೂದು ನಿಲ್ಲಿಸ್ತು. ನೋಡು ಇಲ್ಲಿ." ಗಣಪಿ ಸೊಂಟದ ಗಂಟಿನಿಂದ ಒಂದು ಚಿಪ್ಪು ತೆಗೆದು ಅವಳ ಅಂಗೈಗೆ ಹಾಕಿದಳು. "ಮುರಿ ನೋಡುವ."

ಮಂಗಲಾ ಹೆಬ್ಬೆರಳಿಟ್ಟು ಒತ್ತಿದಳು. ಮುರಿಯಲಿಲ್ಲ. ಎರಡು ಕೈಯಿಂದ ಒತ್ತಿದಳು. ಬೆರಳಿನ ಮೇಲೆ ಗೀರು ಮೂಡಿತೇ ಹೊರತು ಚಿಪ್ಪಿಗೆ ಏನೂ ಆಗಲಿಲ್ಲ. ಏಳು ವರ್ಷ ಪರದೆಯ ಮೇಲೆ ಗೆರೆ ನೋಡುತ್ತ ಕುಳಿತು ಅವಳು ಕಾದಿದ್ದ ವಸ್ತು ಕೈಯಲ್ಲಿತ್ತು. ಸಂತೋಷವಾಗುತ್ತದೆ ಎಂದುಕೊಂಡಿದ್ದಳು.

"ಆಚೆ ದಿಬ್ಬದಲ್ಲಿ ಹಾಸಿ ಬಿದ್ದದೆ," ಎಂದಳು ಗಣಪಿ. "ಒಂದು ಬುಟ್ಟಿ ತೆಗೆದಿಟ್ಟಿದ್ದೆ. ಹೋಗ್ತಾ ಜಟ್ಟಣ್ಣನಿಗೆ ಕೊಡು."

"ನೀನೇ ಕೊಡು ಗಣಪಕ್ಕ."

ಗಣಪಿ ಬುಟ್ಟಿಯನ್ನು ಸೊಂಟದ ಇನ್ನೊಂದು ಬದಿಗೆ ಸರಿಸಿ, "ಇನ್ನೂ ಹಾಗೇ ಇದ್ದಾನಾ?" ಎಂದು ಕೇಳಿದಳು.

"ಹಾಗೇ."

"ವರ್ಷ ಆಯ್ತಲ್ಲೆ."

ಮಂಗಲಾ ಒರೆಸುವ ಬಟ್ಟೆಯನ್ನು ಮಡಿಸಿ ಹಲಗೆಯ ಹಿಂದೆ ಸಿಕ್ಕಿಸಿ ಮಿಲ್ಲಿನ ಕಡೆಗೆ ನಡೆದಳು.

*

ವರ್ಷದಿಂದ ಜಟ್ಟಪ್ಪ ಮಗಳ ಕೈಯಿಂದ ಏನನ್ನೂ ತೆಗೆದುಕೊಂಡಿರಲಿಲ್ಲ. ಜಗಳವಾಡಿದ್ದಿಲ್ಲ, ಬೈದದ್ದೂ ಇಲ್ಲ. ಆಸ್ಪತ್ರೆಯಿಂದ ಮಗನನ್ನು ಕರೆತಂದ ದಿನ ಒಂದೇ ಮಾತು ಹೇಳಿದ್ದ: "ಇವಳು ಮಿಲ್ಲಿಗೆ ಕರಕೊಂಡು ಹೋದಳು." ಆಮೇಲೆ ಅವಳ ಕಡೆಗೆ ಮಾತೇ ನಿಂತಿತು. ಅವಳು ಬಡಿಸಿಟ್ಟ ಬಟ್ಟಲು ಅವನ ಮುಂದೆ ಹಾಗೇ ಆರುತ್ತಿತ್ತು. ಆಗ ಅವಳ ತಮ್ಮ ಬೊಮ್ಮಯ್ಯ ನೆಲ ತಡವಿ ಬಟ್ಟಲನ್ನು ಹುಡುಕಿ, ಎತ್ತಿ, "ತಗಾ ಅಪ್ಪ," ಎಂದು ಕೊಡುತ್ತಿದ್ದ. ಅವನ ಕೈಯಿಂದ ಜಟ್ಟಪ್ಪ ಉಣ್ಣುತ್ತಿದ್ದ. ಅದೇ ಅನ್ನ, ಅದೇ ಮುರುಗಲ ಹುಳಿ ಹಾಕಿದ ಮೀನಿನ ಸಾರು.

ಬೊಮ್ಮಯ್ಯನಿಗೆ ಮೂವತ್ತೊಂದು. ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ಬಲಗಣ್ಣು ಬೆಂದ ಮೀನಿನ ಕಣ್ಣಿನಂತೆ ಬೆಳ್ಳಗಾಗಿತ್ತು. ಸುಟ್ಟ ಗುರುತು ಎಡಗಿವಿಯಿಂದ ಶುರುವಾಗಿ ಕೆನ್ನೆಯ ಮೇಲೆ ಹಾದು ಮೂಗಿನವರೆಗೆ ಬಂದಿತ್ತು. ಆ ಕಿವಿಯ ಹಾಲೆ ಒಣಗಿದ ಎಲೆಯ ಹಾಗೆ ಮುದುಡಿತ್ತು. ಆದರೂ ಕಿವಿ ಕೇಳುತ್ತಿತ್ತು, ಮೊದಲಿಗಿಂತ ಚುರುಕಾಗಿಯೇ.

"ಅಕ್ಕ ಬಂದ್ಲು," ಎಂದ ಅವನು ಆ ಸಂಜೆ, ಅವಳು ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ. "ಸೋಡಾ ವಾಸನೆ."

"ಸೋಡಾಕ್ಕೆ ವಾಸನೆ ಇಲ್ಲ."

"ಹಾಗಾದ್ರೆ ಅದು ನಿಂದೇ."

ಜಗಲಿಯ ಮೇಲೆ ಗಣಪಿ ತಂದಿಟ್ಟ ಬುಟ್ಟಿಯಿತ್ತು. ಜಟ್ಟಪ್ಪ ಎರಡು ಚಿಪ್ಪುಗಳನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಟ್ಟುತ್ತಿದ್ದ. ತಟ್ಟಿ, ತಲೆ ಓರೆ ಮಾಡಿ ಕೇಳಿ, ಬುಟ್ಟಿಗೆ ಹಾಕಿ, ಇನ್ನೆರಡು ಎತ್ತಿಕೊಳ್ಳುತ್ತಿದ್ದ. ಕುಂಬಾರ ಗಡಿಗೆ ಬಾರಿಸಿ ನೋಡುವ ಹಾಗೆ.

"ಹಳೇ ಶಬ್ದ," ಎಂದ, ಮಗನಿಗೆ. "ಗೂಡು ಹಾಕುವ ಬೊಮ್ಮ. ಹೆಂಗಸರಿಗೆ ಹೇಳ್ತೆ, ಒಂದು ತಿಂಗಳು ಚಿಪ್ಪು ಕೂಡಿಹಾಕಲಿ. ಕಟ್ಟೆಗೆ ಸುಣ್ಣ ಬಳಿಯದೆ ಎಷ್ಟು ವರ್ಷ ಆಯ್ತು."

ಬೊಮ್ಮಯ್ಯನ ಕೈ ಮುದುಡಿದ ಕಿವಿಯ ಹಾಲೆಗೆ ಹೋಯಿತು. ಜಟ್ಟಪ್ಪನಿಗೆ ಅದು ತಿಳಿಯಲಿಲ್ಲ, ಹುಮ್ಮಸ್ಸಿನಲ್ಲಿದ್ದ. "ಮೊದಲನೇ ಕೊಡ ನೀನೇ ಹೊಯ್ಯಬೇಕು. ಕಿವಿ ಕೊಡೂದಕ್ಕೆ ಕಣ್ಣು ಬೇಡವಲ್ಲ. ನಾ ಇಷ್ಟು ದಿನ ಇದನ್ನ ಯೋಚನೆಯೇ ಮಾಡ್ಲಿಲ್ಲ ನೋಡು. ಕಣ್ಣಿಲ್ಲದವನಿಗೂ ಒಂದು ಕೆಲಸ ಅದೆ ನಮ್ಮಲ್ಲಿ."

ಒಳಗೆ ಹೋಗುತ್ತಿದ್ದ ಮಂಗಲಾ ಬಾಗಿಲಲ್ಲೇ ನಿಂತಳು.

ಅವರ ಮನೆಯ ಕೆಲಸದ ರೀತಿ ಅದು. ಚಿಪ್ಪು ಗೂಡಿನಲ್ಲಿ ಒಂದು ರಾತ್ರಿ ಉರಿದು ಬೆಳ್ಳಗಾದಮೇಲೆ ಅದನ್ನು ನೆಲಕ್ಕೆ ಸುರಿದು ನೀರು ಕೊಟ್ಟು ಅರಳಿಸಬೇಕು. ಸುಟ್ಟ ಸುಣ್ಣವನ್ನು ನೀರಿಗೆ ಹಾಕುವುದಲ್ಲ. ನೀರನ್ನೇ ಸುಣ್ಣಕ್ಕೆ ಕೊಡುವುದು, ಸ್ವಲ್ಪ ಸ್ವಲ್ಪವಾಗಿ, ಕೂಸಿಗೆ ಉಣಿಸುವ ಹಾಗೆ. ಒಂದಿಷ್ಟು ಹೊಯ್ದು ನಿಲ್ಲಿಸಬೇಕು. ಆಗ ರಾಶಿ ಮಾತಾಡಲು ತೊಡಗುತ್ತದೆ: ಚಿಟಚಿಟ ಎಂದು, ಒಳಗೆ ಯಾರೋ ಸಣ್ಣ ಕಡ್ಡಿ ಮುರಿಯುತ್ತಿರುವಂತೆ. ಬಗ್ಗಿ ಕಿವಿ ಕೊಡಬೇಕು. ಶಬ್ದ ನಿಂತಿತೆಂದರೆ ಉಂಡಾಯಿತು ಎಂದು ಅರ್ಥ, ಮುಂದಿನ ಕೊಡ. ಜಟ್ಟಪ್ಪನ ಅಪ್ಪ ಹಾಗೆ ಮಾಡಿದ್ದ, ಜಟ್ಟಪ್ಪ ಹಾಗೆ ಮಾಡಿದ್ದ. ಬೊಮ್ಮಯ್ಯನಿಗೆ ಐದು ವರ್ಷವಾದಾಗ ಅವನ ತಲೆಯನ್ನು ಅಂಗೈಯಲ್ಲಿ ಹಿಡಿದು ರಾಶಿಯ ಹತ್ತಿರ ಬಗ್ಗಿಸಿ, "ಕೇಳಿಸ್ತಾ? ಅದು ಸುಮ್ಮನಾಗೂವರೆಗೆ ನೀನೂ ಸುಮ್ಮನಿರಬೇಕು," ಎಂದು ಹೇಳಿಕೊಟ್ಟಿದ್ದ. ಮಂಗಲಾ ಅದನ್ನು ನೋಡುತ್ತ ಪಕ್ಕದಲ್ಲಿ ನಿಂತಿದ್ದಳು. ಹೆಣ್ಣುಮಕ್ಕಳಿಗೆ ಅದನ್ನು ಕಲಿಸುತ್ತಿರಲಿಲ್ಲ.

ಮರುದಿನ ರಜೆ. ಅವಳು ತಮ್ಮನ ಕೈ ಹಿಡಿದು ಹೊಳೆದಂಡೆಗೆ ಕರೆದುಕೊಂಡು ಹೋದಳು. ಇಳಿತದ ಹೊತ್ತು, ಕೆಸರಿನ ಮೇಲೆ ಹೆಂಗಸರ ಮಾತು ದೂರದಿಂದ ಕೇಳಿಸುತ್ತಿತ್ತು.

"ಆಗೂದಿಲ್ಲ ಅನ್ನು," ಎಂದಳು.

"ಎಂತ ಹೇಳಿ ಆಗೂದಿಲ್ಲ ಅನ್ಲಿ?"

"ಹೆದರಿಕೆ ಅನ್ನು. ಬಿಸಿ ಅಂದ್ರೆ ಆಗೂದಿಲ್ಲ ಅನ್ನು."

"ಯಂತ್ರ ಸಿಡಿದವನಿಗೆ ಯಂತ್ರ ಅಂದ್ರೆ ಹೆದರಿಕೆ ಆಗಬೇಕು ಅಕ್ಕ. ಸುಣ್ಣ ಅಂದ್ರೆ ಯಾಕೆ ಹೆದರ್ತೆ ಅಂತ ಅವ ಕೇಳ್ತಾ." ಬೊಮ್ಮಯ್ಯ ಕೆಸರಿನಲ್ಲಿ ಕಾಲ್ಬೆರಳು ಊರಿದ. "ನಾನು ಹೊಯ್ತೆ. ಕಿವೀನೂ ಕೊಡ್ತೆ. ಒಂದು ಸಲ ಮಾಡಿದ್ರೆ ಆಯ್ತಲ್ಲ. ಅವನಿಗೆ ಮಾತ್ರ ಗೊತ್ತಾಗಬಾರದು."

"ಗೊತ್ತಾದ್ರೆ ನನ್ನ ಮೇಲಿನ ಸಿಟ್ಟು ಹೋಗ್ತದೆ," ಎಂದಳು ಮಂಗಲಾ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಹೋಗ್ತದೆ," ಎಂದ ಬೊಮ್ಮಯ್ಯ. "ಹೋಗಿ ಎಲ್ಲಿ ಕೂತ್ಕಳ್ತದೆ ಅದು?"

*

ಕಂಟ್ರೋಲ್ ರೂಮಿನಲ್ಲಿ ಮಂಗಲಾಳ ಮುಂದೆ ಆರು ಪರದೆಗಳಿದ್ದವು. ಐದರಲ್ಲಿ ಗೆರೆಗಳು ಓಡುತ್ತಿದ್ದವು. ಆರನೆಯದರಲ್ಲಿ ಕ್ಷಾರದ ಅಂಗಳ ಕಾಣುತ್ತಿತ್ತು: ಚೀಲಗಳ ಒಟ್ಟಲು, ಮೂರು ಉಕ್ಕಿನ ತೊಟ್ಟಿಗಳು. ಎರಡನೆಯ ತೊಟ್ಟಿಗೆ ಈಗ ಮುಚ್ಚಳ ಹಾಕಿ ಬೆಸುಗೆ ಹಚ್ಚಿದ್ದರು.

ಏಳು ವರ್ಷದ ಹಿಂದೆ ಮಿಲ್ಲು ಕೆಲಸಗಾರರನ್ನು ಸೇರಿಸಿಕೊಂಡಾಗ ಮೊದಲು ಬಂದವರು ಗೂಡು ಆರಿದ ಮನೆಗಳವರು. ತರಬೇತಿ ಕೊಟ್ಟವಳು ಮಂಗಲಾ. ಪುಸ್ತಕದ ಮಾತು ಅವರಿಗೆ ಹತ್ತುವುದಿಲ್ಲವೆಂದು ಮುರುಗಲಿನಿಂದ ಶುರುಮಾಡಿದ್ದಳು. ಹುಳಿಯಲ್ಲಿ ಎರಡು ಜಾತಿ. ಮುರುಗಲ ಹುಳಿ, ಲಿಂಬೆ ಹುಳಿ, ಇವು ದುರ್ಬಲ. ನೀರಿಗೆ ಬಿದ್ದರೂ ಅವುಗಳ ಕಣಗಳು ಜೋಡಿ ಬಿಡುವುದಿಲ್ಲ. ನೂರರಲ್ಲಿ ನಾಲ್ಕೈದು ಜೋಡಿ ಮಾತ್ರ ಬೇರೆಯಾಗುತ್ತವೆ, ಉಳಿದವು ಕೈ ಹಿಡಿದುಕೊಂಡೇ ಇರುತ್ತವೆ. ಅದಕ್ಕೇ ಅದನ್ನು ನಾವು ಉಣ್ಣುತ್ತೇವೆ. ನಮ್ಮ ಕೊಳವೆಯ ಆಮ್ಲ ಹಾಗಲ್ಲ. ನೀರು ಮುಟ್ಟಿದ್ದೇ ತಡ, ಒಂದು ಜೋಡಿಯೂ ಉಳಿಯುವುದಿಲ್ಲ. ಎಲ್ಲವೂ ಒಂದೇ ಗಳಿಗೆಗೆ ಒಂಟಿ. ಒಂಟಿಯಾದದ್ದು ಸಿಕ್ಕಿದ್ದನ್ನು ಹಿಡಿಯುತ್ತದೆ: ಚರ್ಮ, ಬಟ್ಟೆ, ಕಲ್ಲು. ಸೋಡಾವೂ ಹಾಗೆಯೇ, ಇನ್ನೊಂದು ದಿಕ್ಕಿನಿಂದ.

"ನೀರಿಗೆ ಸೋಡಾ ಹಾಕಬೇಕು. ಸೋಡಾಕ್ಕೆ ನೀರು ಹಾಕಬಾರದು," ಎಂದು ಮೂರು ಸಲ ಹೇಳಿಸಿದ್ದಳು. ಗೋಡೆಯ ಮೇಲೆ ಬರೆಸಿದ್ದಳು. ದಾಖಲೆ ಪುಸ್ತಕದಲ್ಲಿ ಎಲ್ಲರ ಸಹಿ ಇತ್ತು.

ಆದರೆ ಅದರ ನಂತರ ಇನ್ನೊಂದು ಮಾತು ಹೇಳಿದ್ದಳು. ಸೋಡಾದ ಬಿಳಿಯ ಹಳಕುಗಳು ತುಂಬಿದ ಚೀಲವನ್ನು ಬಿಚ್ಚಿದಾಗ ಗೂಡಿನವರು ಹಿಂದೆ ಸರಿದು ನಿಂತಿದ್ದರು. ಅವರ ಹೆದರಿಕೆ ಬಿಡಿಸಲು ಅವಳು ನಕ್ಕು, "ಹೆದರಬೇಡಿ, ಇದೂ ನಿಮ್ಮ ಸುಣ್ಣದ ಅಣ್ಣನೇ," ಎಂದಿದ್ದಳು. ಅವರೂ ನಕ್ಕಿದ್ದರು. ಹತ್ತಿರ ಬಂದಿದ್ದರು. ಬೊಮ್ಮಯ್ಯ ಎಲ್ಲರಿಗಿಂತ ಮುಂದೆ ಬಂದಿದ್ದ.

ಕಳೆದ ವರ್ಷ, ಬಳಚಿನ ಮರಿ ಕೆಸರಿನಲ್ಲಿ ಕೂರುವ ವಾರ. ಆ ಒಂದು ವಾರ ಹೊಳೆ ಹುಳಿಯಾದರೆ ವರ್ಷದ ಬೆಳೆ ಹೋಯಿತು ಎಂದೇ ಅರ್ಥ. ಸರಿಯಾಗಿ ಆಗಲೇ ಎರಡು ದಿನ ವಿದ್ಯುತ್ತು ಕೈಕೊಟ್ಟಿತು. ಕೊಳವೆಯಲ್ಲಿ ಹೊಸ ಕ್ಷಾರ ಬರಲಿಲ್ಲ. ಇಂಥ ಹೊತ್ತಿಗೆಂದು ಇಂಗಿಸಿ ಇಟ್ಟ ಹಳಕುಗಳನ್ನು ತೊಟ್ಟಿಯಲ್ಲಿ ಕರಗಿಸಿ ಬಿಡಬೇಕಿತ್ತು. ಬ್ಯಾಟರಿಯಲ್ಲಿ ಓಡುತ್ತಿದ್ದ ಪರದೆಯ ಮೇಲೆ ಹೊಳೆಯ ಗೆರೆ ಇಳಿಯುತ್ತಲೇ ಇತ್ತು. ಅವಳು ಅಂಗಳದ ಫೋನಿಗೆ ಕರೆ ಮಾಡಿದಳು.

"ಬೊಮ್ಮ, ಬೇಗ. ಏಳೂವರೆಗೆ ಬಂತು."

"ನೀರಿನ ವಾಲ್ವು ಸಿಕ್ಕಿಹಾಕ್ಕಂಡದೆ ಅಕ್ಕ. ತೊಟ್ಟಿ ಒಣಗಿದೆ. ಹಳಕು ಮೊದಲೇ ಒಳಗೆ ಬಿದ್ದುಹೋಯ್ತು."

"ಮತ್ತೆ?"

"ನಾ ನೋಡ್ಕಳ್ತೆ."

ಹೇಗೆ ನೋಡಿಕೊಳ್ಳುತ್ತೀ ಎಂದು ಅವಳು ಕೇಳಬೇಕಿತ್ತು. ಕೇಳಲಿಲ್ಲ. ಅವಳ ಕಣ್ಣು ಹೊಳೆಯ ಗೆರೆಯ ಮೇಲಿತ್ತು. ಆ ಒಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು ಎಂದು ಈ ವರ್ಷವಿಡೀ ಅವಳು ಲೆಕ್ಕ ಹಾಕಿದ್ದಳು. ಎರಡು ಸೆಕೆಂಡು. ನಿಧಾನವಾಗಿ ಹೇಳಿದರೆ ಮೂರು.

ತಲೆ ಎತ್ತಿ ಆರನೆಯ ಪರದೆ ನೋಡಿದಾಗ ಬೊಮ್ಮಯ್ಯ ಪೈಪು ಹಿಡಿದು ತೊಟ್ಟಿಯೊಳಗೆ ನೀರು ಬಿಡುತ್ತಿದ್ದ. ಒಂದಿಷ್ಟು ಬಿಟ್ಟ, ನಿಲ್ಲಿಸಿದ. ಪೈಪನ್ನು ಕೆಳಗಿಟ್ಟ. ಮುಖದ ಮೇಲಿನ ಗಾಜಿನ ಕವಚವನ್ನು ತೆಗೆದು ಪಕ್ಕಕ್ಕಿಟ್ಟ. ಇದೇಕೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಅವನು ತೊಟ್ಟಿಯ ಅಂಚಿಗೆ ಬಗ್ಗಿ, ತಲೆ ಓರೆ ಮಾಡಿ, ಎಡಗಿವಿ ಕೊಟ್ಟು ನಿಂತ. ಆಗ ಅರ್ಥವಾಯಿತು. ಅವಳು ಮೈಕಿನ ಗುಂಡಿಗೆ ಕೈ ಚಾಚಿದಳು. ಪರದೆ ಬೆಳ್ಳಗಾಯಿತು.

ಸುಣ್ಣ ನೀರಿನಲ್ಲಿ ಕರಗುವುದು ಚಿಟಿಕೆಯಷ್ಟು ಮಾತ್ರ. ಅದು ನೀರನ್ನು ತಿನ್ನುತ್ತದೆ, ಮಾತಾಡುತ್ತದೆ, ಬಿರಿದು ಪುಡಿಯಾಗಿ ಕೂರುತ್ತದೆ. ಸೋಡಾ ಪೂರ್ತಿ ಕರಗುತ್ತದೆ. ಕೊನೆಯ ಕಣದವರೆಗೆ ಬಿಡಿಬಿಡಿಯಾಗುತ್ತದೆ. ಹಾಗಾಗುವಾಗಿನ ಬಿಸಿಯೆಲ್ಲ ಒಟ್ಟಿಗೆ ಬರುತ್ತದೆ. ಬೇಕಾದಷ್ಟು ನೀರಿದ್ದರೆ ಆ ಬಿಸಿ ಹರಡಿಹೋಗುತ್ತದೆ. ಹಳಕಿನ ರಾಶಿಯ ಮೇಲೆ ಸ್ವಲ್ಪವೇ ನೀರು ಬಿದ್ದರೆ ಮೇಲೊಂದು ಹೆಪ್ಪು ಕಟ್ಟಿ, ಕೆಳಗೆ ನೀರು ಸದ್ದಿಲ್ಲದೆ ಕುದಿಯುತ್ತದೆ, ಆಮೇಲೆ ಒಮ್ಮೆಗೇ ನೆಗೆಯುತ್ತದೆ.

ಆಸ್ಪತ್ರೆಯಲ್ಲಿ ಅವನ ಕಣ್ಣಿಗೆ ಎರಡು ಗಂಟೆ ಒಂದೇ ಸಮನೆ ನೀರು ಹರಿಸಿದರು. ನರ್ಸು ಆಗಾಗ ಕಣ್ಣಿನ ಮೂಲೆಗೆ ಬಣ್ಣದ ಕಾಗದದ ತುಂಡು ತಾಗಿಸಿ ನೋಡುತ್ತಿದ್ದಳು. ಮಂಗಲಾಳಿಗೆ ಆ ಬಣ್ಣಗಳು ಬಾಯಿಪಾಠ. ಹನ್ನೊಂದು. ಹತ್ತು. ಏಳೂವರೆಗೆ ಬಂದಾಗ ನರ್ಸು ನೀರು ನಿಲ್ಲಿಸಿದಳು. ಹತ್ತು ನಿಮಿಷದ ಮೇಲೆ ಮತ್ತೆ ತಾಗಿಸಿದರೆ ಒಂಬತ್ತು. ಒಳಗೆ ಇಳಿದದ್ದು ಹೊರಗೆ ಬರುತ್ತಲೇ ಇತ್ತು. ಹೊಳೆಯ ಅಂಕೆ ಮೇಲೇರಲಿ ಎಂದು ಹಾರೈಸುತ್ತ ಬಂದವಳು ತಮ್ಮನ ಕಣ್ಣಿನ ಅಂಕೆ ಇಳಿಯಲಿ ಎಂದು ಗೋಡೆಗೆ ಒರಗಿ ನಿಂತಿದ್ದಳು.

ಮೂರನೆಯ ದಿನ ಬ್ಯಾಂಡೇಜಿನ ಕೆಳಗಿನಿಂದ ಬೊಮ್ಮಯ್ಯ ಹೇಳಿದ್ದ: "ನೀ ಹೇಳಿದ್ದು ನೆನಪಿತ್ತು ಅಕ್ಕ. ಕೈ ಕೇಳಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ, "ಅದು ಮಾತಾಡ್ಲೇ ಇಲ್ಲ. ನಾ ಕಾದೆ," ಎಂದ. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಅಪ್ಪನಿಗೆ ಯಂತ್ರ ಸಿಡೀತು ಅಂತ ಹೇಳ್ತೆ. ನೀ ಇಲ್ಲ ಅನ್ನಬೇಡ."

ಅವಳು ಇಲ್ಲ ಅನ್ನಲಿಲ್ಲ. ಅಪ್ಪನ ಪಾಠವೇ ಮಗನ ಕಣ್ಣು ತೆಗೆಯಿತೆಂದು ಎಪ್ಪತ್ತು ದಾಟಿದ ಮನುಷ್ಯನಿಗೆ ಯಾರು ಹೇಳುವುದು? ಸುಣ್ಣದ ಅಣ್ಣ ಎಂಬ ಮಾತನ್ನೂ ಆಮೇಲೆ ಹೇಳಬೇಕಾಗುತ್ತಿತ್ತು. ಎರಡರಲ್ಲಿ ಯಾವುದನ್ನು ಮುಚ್ಚಿಡಲು ಸುಮ್ಮನಾದೆನೆಂದು ಅವಳಿಗೇ ತಿಳಿಯದು.

ವಿಚಾರಣೆಯ ವರದಿ ಬಂದಾಗ ಮಿಲ್ಲಿನ ಮುಖ್ಯಸ್ಥ ರೊಸಾರಿಯೊ ಅವಳನ್ನು ಕೋಣೆಗೆ ಕರೆದಿದ್ದರು. ಒಳ್ಳೆಯ ಮನುಷ್ಯ, ಎದುರಿಗೆ ಕುಳಿತವರ ಮುಖ ನೋಡಲಾರದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. "ಕೆಲಸಗಾರನ ಅಜಾಗರೂಕತೆ ಅಂತ ಬರೆದಿದ್ದಾರೆ. ನಿಮ್ಮ ತರಬೇತಿ ದಾಖಲೆ ಸರಿಯಾಗಿದೆ ಮಂಗಲಾ. ನಿಮ್ಮ ಮೇಲೆ ಏನೂ ಬರೋದಿಲ್ಲ."

"ಏನೂ ಬರೋದಿಲ್ಲ ಸರ್," ಎಂದಿದ್ದಳು ಅವಳು.

ಆ ವಾರದ ಮರಿಗಳು ಬದುಕಿದವು. ವಿದ್ಯುತ್ತು ಬಂದು, ಹೊಳೆಯ ಗೆರೆ ಸಂಜೆಯೊಳಗೆ ಮೇಲೆದ್ದಿತ್ತು. ಗಣಪಿ ಕೊಟ್ಟ ಚಿಪ್ಪು ಅದೇ ವಾರದ್ದು; ಅದರ ಮೇಲಿನ ಗೆರೆಗಳನ್ನು ಎಣಿಸಿ ಮಂಗಲಾ ತಿಳಿದುಕೊಂಡಿದ್ದಳು.

*

ತಿಂಗಳ ಮೇಲೆ ಜಟ್ಟಪ್ಪ ಗೂಡು ಹಾಕಿದ. ಹಳೆಯ ಗೋಡೆಗೆ ಹೊಸ ಮಣ್ಣು ಮೆತ್ತಿದ. ಒಂದು ಪದರ ಚಿಪ್ಪು, ಒಂದು ಪದರ ಇದ್ದಿಲು, ನಡುನಡುವೆ ತೆಂಗಿನ ಸಿಪ್ಪೆ. ಚಿಪ್ಪು ಸುಟ್ಟರೆ ಹೊರಡುವ ಅನಿಲವೇ ಹೊಳೆಯನ್ನು ಹುಳಿ ಮಾಡಿದ್ದು ಎಂದು ಮಂಗಲಾಳಿಗೆ ಗೊತ್ತಿತ್ತು. ಒಂದು ಗೂಡಿನಿಂದ ಎಷ್ಟು ಎಂದು ಕಾಗದದ ಮೇಲೆ ಲೆಕ್ಕ ಮಾಡಲು ಕುಳಿತು, ಅರ್ಧಕ್ಕೆ ಬಿಟ್ಟಳು.

ಮರುದಿನ ಬೆಳಿಗ್ಗೆ ಹಲಗೆಯಲ್ಲಿ ಅಂಕೆ ಬರೆದು ಅವಳು ಗೂಡಿಗೆ ಬಂದಾಗ ಬೆಂಕಿ ಆರಿತ್ತು. ಜಟ್ಟಪ್ಪ ಸುಟ್ಟ ಚಿಪ್ಪನ್ನು ನೆಲದ ಮೇಲೆ ಸುರಿದು ರಾಶಿ ಮಾಡಿದ್ದ. ಚಿಪ್ಪುಗಳು ಆಕಾರ ಬಿಟ್ಟಿರಲಿಲ್ಲ. ಒಂದೊಂದೂ ಹಾಗೆಯೇ ಇತ್ತು, ಬಣ್ಣ ಮಾತ್ರ ಬಿಳಿ. ಎರಡು ಕೊಡ ನೀರು ತುಂಬಿಟ್ಟಿತ್ತು. ಗಣಪಿ ಮತ್ತು ನಾಲ್ಕೈದು ಹೆಂಗಸರು ದೂರದಲ್ಲಿ ಕುಳಿತಿದ್ದರು.

"ಬಾ ಬೊಮ್ಮ," ಎಂದ ಜಟ್ಟಪ್ಪ. "ಆರು ಹೆಜ್ಜೆ. ಗಾಳಿ ಬೆನ್ನಿಗದೆ."

ಬೊಮ್ಮಯ್ಯ ಎಣಿಸಿಕೊಂಡು ಬಂದ. ಕೊಡ ಎತ್ತಿದ. ಜಟ್ಟಪ್ಪ ಅವನ ಮುಂಗೈ ಹಿಡಿದು ರಾಶಿಯ ನೆತ್ತಿಯ ಮೇಲೆ ತಂದ. ನೀರು ಬಿತ್ತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಚಿಟ್ ಎಂದು ಒಂದು ಚಿಪ್ಪು ಬಿರಿಯಿತು. ಇನ್ನೊಂದು. ಮತ್ತೆ ಹತ್ತು, ನೂರು. ಒಂಬತ್ತು ವರ್ಷದಿಂದ ಆ ದಂಡೆಯಲ್ಲಿ ಇಲ್ಲದ ಶಬ್ದ.

"ಕೇಳ್ರೇ," ಎಂದಳು ಗಣಪಿ ಹೆಂಗಸರಿಗೆ. "ಏನು ಹರಟೆ ಇದರದ್ದು, ನಮಗಿಂತ ಜಾಸ್ತಿ."

ಜಟ್ಟಪ್ಪನ ಮುಖದಲ್ಲಿ ನಗು ಇತ್ತು. "ಸಾಕು, ಕೊಡ ಇಡು. ಕೂತ್ಕ. ಈಗ ಕಿವಿ ಕೊಡು. ಹತ್ತಿರ ಹೋಗು." ಅವನು ಮಗನ ತಲೆಯ ಹಿಂದೆ ಅಂಗೈ ಇಟ್ಟ, ಐದು ವರ್ಷದ ಮಗುವಿಗೆ ಇಟ್ಟಂತೆ. "ಇನ್ನೂ ಹತ್ತಿರ."

ಬೊಮ್ಮಯ್ಯ ಬಗ್ಗಿದ. ತಲೆ ಓರೆ ಮಾಡಿದ. ರಾಶಿಯ ಬಿಸಿ ಹಬೆ ಅವನ ಕೆನ್ನೆಗೆ ತಾಗಿತು.

ಅವನು ಕೂಗಲಿಲ್ಲ. ಎರಡೂ ಕೈಗಳು ತಾವಾಗಿಯೇ ಎದ್ದು ಮುಖವನ್ನು ಮುಚ್ಚಿಕೊಂಡವು. ಹಿಂದಕ್ಕೆ ಬಿದ್ದು, ಕುಳಿತಲ್ಲೇ ಕಾಲು ಕೊಡವುತ್ತ ಸರಿದು, ಗೂಡಿನ ಗೋಡೆಗೆ ಬೆನ್ನು ತಾಗಿದಾಗ ಅಲ್ಲೇ ಉಳಿದ. ಕೈ ಮಾತ್ರ ಮುಖದಿಂದ ಇಳಿಯಲಿಲ್ಲ.

"ಎಂತಾಯ್ತಾ?" ಜಟ್ಟಪ್ಪ ನಗುತ್ತಲೇ ಕೇಳಿದ. "ಇದು ಸುಣ್ಣ ಮಾರಾಯಾ. ಇದೆಂತ ನಿಮ್ಮ ಮಿಲ್ಲಿನ..."

ಮಾತು ಅಲ್ಲಿಗೆ ನಿಂತಿತು.

ಅವನು ಮಗನ ಕೈಗಳನ್ನು ನೋಡಿದ. ಬೆರಳುಗಳ ಸಂದಿಯಿಂದ ಕಾಣುತ್ತಿದ್ದ ಕಲೆಯನ್ನು ನೋಡಿದ. ಅದು ಎಲ್ಲಿ ಶುರುವಾಗಿದೆ ಎಂದು, ವರ್ಷದಿಂದ ದಿನವೂ ಕಂಡ ಮುಖವನ್ನು ಈಗ ಮೊದಲ ಸಲ ನೋಡುವವನಂತೆ ನೋಡಿದ. ಮುದುಡಿದ ಎಡಗಿವಿ. ಅಲ್ಲಿಂದ ಕೆನ್ನೆ. ಕೆನ್ನೆಯಿಂದ ಕಣ್ಣು. ರಾಶಿಯ ಹತ್ತಿರ ಬಗ್ಗಿಸಲು ತಾನು ಹಿಡಿದ ತಲೆ ಯಾವ ಕಡೆಗೆ ಓರೆಯಾಗಿತ್ತು ಎಂದು ತನ್ನ ಅಂಗೈ ನೋಡಿಕೊಂಡ.

ಆಮೇಲೆ ಮಂಗಲಾಳ ಕಡೆಗೆ ತಿರುಗಿದ. ವರ್ಷದ ನಂತರ ಅವಳಿಗೆಂದು ಆಡಿದ ಮೊದಲ ಮಾತು ಬಹಳ ಮೆಲ್ಲಗಿತ್ತು.

"ಇವ ಅಲ್ಲೂ ಕಿವಿ ಕೊಟ್ಟಿದ್ನಾ?"

ಇಲ್ಲ ಅಪ್ಪ, ಯಂತ್ರ ಸಿಡಿಯಿತು. ಹೇಳಬೇಕಾದ ಮಾತು ವರ್ಷದಿಂದ ತಯಾರಾಗಿತ್ತು. ಅವಳು ಬಾಯಿ ತೆರೆದಳು. ರಾಶಿ ಚಿಟಗುಡುತ್ತಿತ್ತು. ಮಾತು ಬರಲಿಲ್ಲ.

ಜಟ್ಟಪ್ಪ ಕಾದ. ಅವಳ ಮೌನ ಮುಗಿಯುವವರೆಗೆ ಕಾದ. ಅದು ಅವನಿಗೆ ಗೊತ್ತಿದ್ದ ಕೆಲಸ.

"ಅದು ಮಾತಾಡ್ತದಾ?" ಎಂದು ಕೇಳಿದ. "ನಿಮ್ಮ ಸೋಡಾ?"

"ಇಲ್ಲ ಅಪ್ಪ."

"ಎಂತದೂ?"

"ಎಂತದೂ ಇಲ್ಲ."

ಗೋಡೆಯ ಬುಡದಿಂದ ಬೊಮ್ಮಯ್ಯ ಕೈ ಇಳಿಸಿದ. ಅವನ ಬಿಳಿಯ ಕಣ್ಣು ಅಪ್ಪನ ದನಿ ಬಂದ ಕಡೆಗಿತ್ತು. "ಯಂತ್ರ ಸಿಡೀತು ಅಂತ ನಾ ಹೇಳ್ಲಿಲ್ವಾ ಅಪ್ಪ," ಎಂದ. "ಆವತ್ತೇ ಹೇಳಿದ್ನಲ್ಲ. ಯಂತ್ರ ಸಿಡೀತು."

ಜಟ್ಟಪ್ಪ ಮಗನನ್ನು ನೋಡಿದ. ಹೆಗಲ ಮೇಲಿನ ಪಂಚೆಯ ತುದಿಯಿಂದ ಬಾಯಿ ಒರೆಸಿಕೊಂಡ.

"ಹೌದು," ಎಂದ. "ನೀ ಹೇಳಿದ್ದೆ. ಸಿಡೀತು."

"ಅಪ್ಪ, ನಾನು..." ಎಂದಳು ಮಂಗಲಾ. ಸುಣ್ಣದ ಅಣ್ಣ ಎಂಬ ಮಾತು ಗಂಟಲವರೆಗೆ ಬಂದಿತ್ತು.

ಜಟ್ಟಪ್ಪ ಅವಳ ಕಡೆಗೆ ಕೈ ಚಾಚಿದ. "ಕೊಡ ತಾ," ಎಂದ.

ಅವಳು ಎರಡನೆಯ ಕೊಡವನ್ನು ಎತ್ತಿ ತಂದಳು. ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಬೆರಳು ತಾಗಿತು, ಅವನ ಬೆರಳು ತಣ್ಣಗಿತ್ತು. ರಾಶಿಗೆ ಸ್ವಲ್ಪ ಸ್ವಲ್ಪವೇ ನೀರು ಕೊಟ್ಟ. ಕೊಡ ಇಟ್ಟು, ಮಂಡಿಯೂರಿ, ಎರಡೂ ಅಂಗೈಗಳನ್ನು ನೆಲಕ್ಕೆ ಊರಿ ಬಗ್ಗಿದ. ಕಿವಿಯನ್ನು ರಾಶಿಗೆ ತೀರಾ ಹತ್ತಿರ ತಂದ. ಅಷ್ಟು ಹತ್ತಿರ ಯಾರೂ ತರುತ್ತಿರಲಿಲ್ಲ. ಹಬೆ ಅವನ ನೆರೆತ ಕೂದಲಿನ ನಡುವೆ ಹಾದು ಮೇಲೇರಿತು.

ಚಿಪ್ಪುಗಳು ಬಿರಿದವು, ಕುಸಿದವು, ಆಕಾರ ಬಿಟ್ಟು ಪುಡಿಯಾದವು. ಶಬ್ದ ವಿರಳವಾಯಿತು. ಒಂದೊಂದಾಗಿ ಬರುತ್ತಿದ್ದದ್ದು ಆಗೊಮ್ಮೆ ಈಗೊಮ್ಮೆ ಆಯಿತು. ಕೊನೆಯದೊಂದು ಬಿರಿದು, ಸುಮ್ಮನಾಯಿತು. ಹೊಳೆಯ ಮೇಲಿನಿಂದ ಗಾಳಿ ಬಂತು. ರಾಶಿಯ ಮೇಲೆ ಬಿಳಿಯ ಪುಡಿ ಒಂದಿಷ್ಟೂ ಅಲುಗಲಿಲ್ಲ.

ಜಟ್ಟಪ್ಪ ತಲೆ ಎತ್ತಲಿಲ್ಲ.

ಬಹಳ ಹೊತ್ತಿನ ಮೇಲೆ ಬೊಮ್ಮಯ್ಯ ಗೋಡೆಯ ಬುಡದಿಂದ ಕೇಳಿದ. ಶಬ್ದ ನಿಂತದ್ದು ಆ ದಂಡೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ಅವನಿಗೇ. "ಆಯ್ತಾ ಅಪ್ಪ?"

"ಇಲ್ಲ," ಎಂದ ಜಟ್ಟಪ್ಪ, ಮುಖವನ್ನು ಆಚೆಗೆ ಮಾಡಿಕೊಂಡು. "ಇನ್ನೂ ಮಾತಾಡ್ತಾ ಅದೆ."

"ಹೌದು," ಎಂದ ಬೊಮ್ಮಯ್ಯ. "ಕೇಳಿಸ್ತದೆ."